ಲಾಭ, ಎರಡು, ಮೂರು

ಯುಗಾದಿಯ ಬೇವು ತೋರಣದಲ್ಲಿ ಒಣಗುವ ಮೊದಲೇ
ಠಾಣೆಯಿಂದ ಸಿಪ್ಪೋರಾಬಾಯಿಯ ಫೋನು.
ಅವರದು ಮರಾಠಿ ಬೆರೆತ ಹಿಂದಿ,
ನನ್ನದು ಗೂಡಿನ ಮಾರುಕಟ್ಟೆಯಲ್ಲಿ ಕಲಿತದ್ದು.
ನಡುವೆ ಅರ್ಥವಾದದ್ದು ಇಷ್ಟು:
ಮೇ ತಿಂಗಳು, ಹತ್ತು ದಿನ, ಮೂವತ್ತು ಮಕ್ಕಳು,
ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ,
ಹೋದ ಸಲದ ಹಾಗೆ ಹಾವು ಬೇಡ.

ಹಾವಿನ ಹೊಣೆ ನಾನು ಹೊರಲಾರೆ.
ಪಾತ್ರೆಯದು ಹೊತ್ತೆ.

ಪಾಂಡವಪುರದಾಚೆ, ಬಾಗಿಲು ಹಾಕಿದ
ರೇಷ್ಮೆ ತರಬೇತಿ ಕೇಂದ್ರ ಇದು. ಕಿಟಕಿಯಲ್ಲಿ
ಕುಂತಿಬೆಟ್ಟ ನಿಂತೇ ಇರುತ್ತದೆ,
ಬಾಡಿಗೆ ಕೇಳಲು ಬಂದವನ ಹಾಗೆ.
ನಾಲೆಗೆ ನೀರು ನಿಲ್ಲಿಸಿದ್ದಾರೆ. ಬಾವಿಯ ಹೂಳು
ನಾನೂ ಅಂದಾನಿಯೂ ಮೂರು ದಿನ ಎತ್ತಿದೆವು:
ಒಂಟಿ ಹವಾಯಿ ಚಪ್ಪಲಿ, ಎರಡು ಬಿಂದಿಗೆ,
ಹೋದ ವರ್ಷ ಯಾರೋ ಅತ್ತು ಹುಡುಕಿದ್ದ ಟಾರ್ಚು.
ಹುಳ ಗೂಡು ಕಟ್ಟುತ್ತಿದ್ದ ಚಂದ್ರಿಕೆಗಳನ್ನು ಸಾಲಾಗಿ ಬಿಗಿದು
ಹುಡುಗಿಯರ ಕಡೆಗೆ ತಡಿಕೆ ಮಾಡಿದೆವು.

ದ್ಯಾವಮ್ಮ ಹಾಲಿನ ಪಾತ್ರೆಗೆಲ್ಲ ಕೆಂಪು ಬೊಟ್ಟಿಟ್ಟಳು,
ಮಾಂಸದ್ದಕ್ಕೆ ನೀಲಿ. ಆಮೇಲೆ ತಿಳಿಯಿತು,
ಅವರ ವಿಧಿಯಂತೆ ಕೊಯ್ಯುವವರು ಇಲ್ಲಿಲ್ಲ,
ಹತ್ತು ದಿನವೂ ಬೇಳೆ, ಸೊಪ್ಪು, ಮೊಟ್ಟೆ.
ನೀಲಿ ಬೊಟ್ಟಿನವು ಅಟ್ಟದ ಮೇಲೆ
ಮದುವೆಗೆ ಕರೆಯದ ನೆಂಟರಂತೆ ಕೂತವು.

ಬಸ್ಸು ಬಂತು. ಮೆಟ್ಟಿಲ ಬಳಿ ನಿಂತು
ಸಿಪ್ಪೋರಾಬಾಯಿ ಮಕ್ಕಳನ್ನು ಎಣಿಸುವುದು ಹೀಗೆ:
ಒಂದಲ್ಲ, ಎರಡಲ್ಲ, ಮೂರಲ್ಲ...
ತಲೆ ಎಣಿಸಿದರೆ ದೃಷ್ಟಿಯಾಗುತ್ತದಂತೆ.
ನಾನು ನಕ್ಕೆ. ನಕ್ಕದ್ದು ಅವರಿಗಲ್ಲ.
ಕಣದಲ್ಲಿ ರಾಗಿ ಅಳೆಯುವಾಗ ನಮ್ಮಪ್ಪ
ಮೊದಲ ಕೊಳಗಕ್ಕೆ ಒಂದು ಅನ್ನುತ್ತಿರಲಿಲ್ಲ,
ಲಾಭ ಅನ್ನುತ್ತಿದ್ದ.

ಎಣಿಕೆ ಹತ್ತೊಂಬತ್ತಲ್ಲಕ್ಕೆ ನಿಂತಿತು.
ಹಾಸಿದ್ದ ಚಾಪೆಗಳಲ್ಲಿ ಹನ್ನೊಂದನ್ನು
ಸುತ್ತಿ ಒಳಗಿಟ್ಟೆ.
ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮುದ್ದೆಯನ್ನು ಜಗಿಯಬೇಡಿ, ನುಂಗಿ ಎಂದು
ದ್ಯಾವಮ್ಮ ನಾಲ್ಕು ದಿನ ಪಾಠ ಮಾಡಿದಳು.
ಶುಕ್ರವಾರ ಮಧ್ಯಾಹ್ನದಿಂದ ಓಟ:
ನೀರು ತುಂಬಿಸು, ಅನ್ನ ಬಸಿ, ಬಟ್ಟೆ ಎತ್ತಿಡು,
ಬಚ್ಚಲಿನ ದೀಪ ಈಗಲೇ ಹಾಕಿಬಿಡು.
ಹೊತ್ತು ಮುಳುಗುವ ಮುಂಚೆ ಎರಡು ದೀಪ ಹಚ್ಚಿ
ಅಂಗೈಯಲ್ಲಿ ಕಣ್ಣು ಮುಚ್ಚಿಕೊಂಡರು.
ನಾಳೆ ಮೂರು ಚುಕ್ಕಿ ಕಾಣುವವರೆಗೆ
ಸ್ವಿಚ್ಚು ಮುಟ್ಟುವ ಹಾಗಿಲ್ಲ.
ಎಂಟಕ್ಕೆ ಕರೆಂಟು ಹೋಯಿತು, ಎಂದಿನಂತೆ.
ಹನ್ನೊಂದಕ್ಕೆ ಬಂತು, ತಾನಾಗಿ.
ಇಡೀ ಪಡಸಾಲೆ ಚಪ್ಪಾಳೆ ತಟ್ಟಿತು.
ಲೈನ್‌ಮನ್ನಿಗೆ ಅಂಥ ಮರ್ಯಾದೆ
ನಮ್ಮ ತಾಲ್ಲೂಕಿನಲ್ಲಿ ಅದೇ ಮೊದಲು.

ಶನಿವಾರ ಸಂಜೆ ಎಣಿಸುವಾಗ ಒಬ್ಬ ಕಡಿಮೆ.
ನಿಸ್ಸೀಂ, ನಿಸ್ಸೀಂ ಎಂದು ಕೂಗಿದೆವು.
ಅಂದಾನಿ ಬಾವಿಗೆ ಇಣುಕಿದ.
ಸಿಪ್ಪೋರಾಬಾಯಿಯ ತುಟಿ ಮಾತ್ರ ಆಡುತ್ತಿತ್ತು.
ಹುಡುಗ ನಮ್ಮ ಹಿತ್ತಲಲ್ಲಿದ್ದ.
ದ್ಯಾವಮ್ಮ ಬಟ್ಟೆ ನೆನೆಹಾಕುವ
ನಮ್ಮಜ್ಜನ ಗಾಣದ ಕಲ್ಲಿನೊಳಗೆ
ಕಾಲು ಇಳಿಬಿಟ್ಟು ಕೂತಿದ್ದ.
ಇದು ನಮ್ಮದು, ಅಂದ.

ಕೊಂಕಣದಲ್ಲಿ ಅವನ ಹಿರೀಕರು
ಎಣ್ಣೆ ತೆಗೆಯುತ್ತಿದ್ದರಂತೆ. ಶನಿವಾರ ಗಾಣ ಕಟ್ಟದ್ದಕ್ಕೆ
ಊರವರು ಇಟ್ಟ ಹೆಸರು, ಶನಿವಾರದ ತೇಲಿಗಳು.
ನಾನೂ ಕಲ್ಲಿನ ಅಂಚಿಗೆ ಕೂತೆ.
ಸೋಮವಾರ ನಮ್ಮೆತ್ತಿಗೆ ನೊಗವಿರಲಿಲ್ಲ, ಅಂದೆ.
ಎತ್ತಿನ ಹೆಸರೇನು?
ಕೆಂದ. ಕಣ್ಣಿಗೆ ಬಟ್ಟೆ ಕಟ್ಟಿದರೂ
ಸೋಮವಾರ ಯಾವುದೆಂದು ಅದಕ್ಕೆ ಗೊತ್ತಿತ್ತು.
ನಿಸ್ಸೀಂ ತುಂಬ ಹೊತ್ತು ಯೋಚಿಸಿದ.
ಹುಣಸೆಮರದ ಮೇಲೆ ಮೂರನೆಯ ಚುಕ್ಕಿ ಬಂತು.

ಕೊನೆಯ ದಿನ ಅವಲಕ್ಕಿ ನೆನೆಸಿ, ಕಾಯಿ ತುರಿದು,
ಪಕ್ಕದ ಆಲೆಮನೆಯ ಬೆಲ್ಲ ಕುಟ್ಟಿ
ಮಲಿದಾ ಮಾಡಿದರು, ಎಲಿಯಾಹು ಎಂಬ ಪ್ರವಾದಿಗೆ.
ಬರುತ್ತೇನೆ ಎಂದವನು,
ಯಾವಾಗ ಅಂತ ಹೇಳದವನು.
ದ್ಯಾವಮ್ಮ ಅಟ್ಟ ಹತ್ತಿ
ನೀಲಿ ಬೊಟ್ಟಿನ ಹೊಸ ತಟ್ಟೆ ಇಳಿಸಿದಳು:
ಪಾಪ, ಇದೂ ಒಂದು ದಿನ ಉಣ್ಣಲಿ.

ಬಸ್ಸಿನ ಮೆಟ್ಟಿಲಲ್ಲಿ ಈ ಸಲ
ನನ್ನನ್ನೇ ಎಣಿಸು ಅಂದರು.
ಲಾಭ, ಎರಡು, ಮೂರು...
ನಿಸ್ಸೀಮನ ತಲೆ ಮುಟ್ಟುವಾಗ ಎಷ್ಟನೆಯವನೆಂದು ಮರೆತು
ಮತ್ತೆ ಲಾಭದಿಂದ ಶುರು ಮಾಡಿದೆ.

ಹನ್ನೊಂದು ಚಾಪೆ ಸುತ್ತಿಯೇ ಇವೆ.
ಗೆದ್ದಲು ಹಿಡಿಯುವ ಮೊದಲು
ಬಿಸಿಲಿಗೆ ಹಾಕಬೇಕು.